ಅನ್ನನಾಳದ ಮುನ್ಸೂಚಕಗಳು: ನಮಗೆ ಒದಗುವುದೆಷ್ಟು?

(ದಾರ್ಸೈಟಿನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ರಜೆಯ ಸಂಜೆ, ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವಣ ಅರ್ಧ ಗಂಟೆಯಲ್ಲಿ ಕ್ಯಾನ್ಸರಿನ ವಿಷಯ ಮಾತನಾಡಲು ನಿಲ್ಲುವವರು ಮೊದಲು ಕ್ಷಮೆ ಯಾಚಿಸಬೇಕು. ಆದರೆ ಈ ವಿಷಯವನ್ನು ಆರಿಸಿಕೊಂಡವರು ನಾವಲ್ಲ, ನಿಮ್ಮಲ್ಲಿಯೇ ಒಬ್ಬರು. ರುವಿಯಲ್ಲಿ ವಾಸವಾಗಿರುವ ಈ ಗೆಳೆಯರು ಕಳೆದ ಬೇಸಗೆಯಲ್ಲಿ ರಜೆಗೆಂದು ಬೆಂಗಳೂರಿಗೆ ಹೋದಾಗ ‘ಸಂಪೂರ್ಣ ಆರೋಗ್ಯ ತಪಾಸಣೆ’ ಮಾಡಿಸಿಕೊಂಡರು. ಹಲವು ವರ್ಷಗಳ ಎದೆಯುರಿ, ಹುಳಿತೇಗು ಇದ್ದವರು. ಅನ್ನನಾಳದ ಕ್ಯಾನ್ಸರ್ ಬರುತ್ತದೆಯೋ ಎಂದು ತಿಳಿದುಬಿಡೋಣವೆಂದು, ಪಟ್ಟಿಯಲ್ಲಿದ್ದ ‘ಕ್ಯಾನ್ಸರ್ ಮಾರ್ಕರ್’ ಎಂಬ ರಕ್ತಪರೀಕ್ಷೆಗೂ ಹಣ ಕಟ್ಟಿದರು. ವರದಿಯಲ್ಲಿ ಸಿಇಎ ಎಂಬುದರ ಮುಂದೆ ಇದ್ದ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ರಜೆಯ ಉಳಿದ ದಿನಗಳು ಹೇಗೆ ಕಳೆದವೆಂಬುದನ್ನು ಅವರ ಮನೆಯವರನ್ನೇ ಕೇಳಬೇಕು.

ಆ ಅಂಕಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಸಿಇಎ ಎಂಬ ವಸ್ತುವನ್ನು 1965ರಲ್ಲಿ ಗುರುತಿಸಲಾಯಿತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ರೋಗ ಮರಳುತ್ತಿದೆಯೇ ಎಂದು ನೋಡಲು ಅದು ಉಪಯುಕ್ತ. ಆರೋಗ್ಯವಂತರಲ್ಲಿ ಕ್ಯಾನ್ಸರನ್ನು ಹುಡುಕಲು ಅದು ಉಪಯುಕ್ತವಲ್ಲ. ಅನ್ನನಾಳದ ಭವಿಷ್ಯ ಹೇಳುವ ಶಕ್ತಿಯಂತೂ ಅದಕ್ಕೆ ಇಲ್ಲವೇ ಇಲ್ಲ. ಸಿಗರೇಟು ಸೇದುವವರಲ್ಲಿ ಅದು ತುಸು ಏರಿರುವುದು ಸಾಮಾನ್ಯ. ದೂರವಾಣಿಯಲ್ಲಿ ನಾವು ಆ ಒಂದು ಪ್ರಶ್ನೆಯನ್ನು ಕೇಳಿದೆವು. ಪಕ್ಕದಲ್ಲಿ ಮನೆಯವರು ಇದ್ದರೆಂದು ಕಾಣುತ್ತದೆ, ಉತ್ತರ ಬರಲು ತಡವಾಯಿತು.

ಆದರೆ ಅವರ ಮನಸ್ಸಿನಲ್ಲಿದ್ದ ಮೂಲ ಪ್ರಶ್ನೆ ಕ್ಷುಲ್ಲಕವಾದುದಲ್ಲ. ರೋಗ ಬರುವ ಮೊದಲೇ ಅದರ ಸುಳಿವನ್ನು ದೇಹದಲ್ಲಿ ಓದಲು ಸಾಧ್ಯವೇ? ಹಾಗೆ ಓದಬಹುದಾದ ಗುರುತನ್ನು ‘ಜೈವಿಕ ಸೂಚಕ’ ಎನ್ನುತ್ತಾರೆ. ಅದು ರಕ್ತದಲ್ಲಿನ ಪ್ರೋಟೀನಾಗಿರಬಹುದು, ಜೀವಕೋಶದಲ್ಲಿನ ಜೀನಿನ ದೋಷವಾಗಿರಬಹುದು, ಸೂಕ್ಷ್ಮದರ್ಶಕದಲ್ಲಿ ಕಾಣುವ ಕೋಶಗಳ ಆಕಾರವೂ ಆಗಿರಬಹುದು. ಅನ್ನನಾಳದ ಮಟ್ಟಿಗೆ ಈ ಸೂಚಕಗಳ ಶೋಧನೆ ಕಳೆದ ಮೂವತ್ತು ವರ್ಷಗಳಿಂದ ಬಹಳ ಹುರುಪಿನಿಂದ ನಡೆದಿದೆ. ಆ ಹುರುಪಿನಲ್ಲಿ ನಮ್ಮ ಪಾಲಿನದು ಎಷ್ಟು, ಪರರ ಪಾಲಿನದು ಎಷ್ಟು ಎಂಬುದೇ ಇಂದಿನ ಮಾತಿನ ವಸ್ತು.

ಅನ್ನನಾಳವೆಂದರೆ ಗಂಟಲಿನಿಂದ ಜಠರದವರೆಗೆ ಇಳಿಯುವ, ಸುಮಾರು ಒಂದು ಗೇಣು ಉದ್ದದ ಸ್ನಾಯುವಿನ ಕೊಳವೆ. ಅದರ ಒಳಮೈಗೆ ಬಾಯಿಯ ಒಳಮೈಯಂತೆಯೇ ಚಪ್ಪಟೆ ಕೋಶಗಳ ಹೊದಿಕೆ. ಇಲ್ಲಿ ಹುಟ್ಟುವ ಕ್ಯಾನ್ಸರ್ ಎರಡು ಬಗೆಯದು. ಈ ಚಪ್ಪಟೆ ಕೋಶಗಳಿಂದಲೇ ಹುಟ್ಟುವುದು ಒಂದು. ಆಮ್ಲದ ಹೊಡೆತಕ್ಕೆ ಸಿಕ್ಕಿ, ಕೆಳತುದಿಯಲ್ಲಿ ಹೊದಿಕೆಯೇ ಬದಲಾಗಿ, ಅಲ್ಲಿ ಬೆಳೆದ ಗ್ರಂಥಿಕೋಶಗಳಿಂದ ಹುಟ್ಟುವುದು ಇನ್ನೊಂದು. ಹೆಸರು ಒಂದೇ, ಅಂಗ ಒಂದೇ. ಕಾರಣ, ಸ್ವಭಾವ, ಪ್ರದೇಶ ಬೇರೆ ಬೇರೆ. ಇದನ್ನು ತಾವು ನೆನಪಿನಲ್ಲಿಟ್ಟರೆ ಮುಂದಿನ ಮಾತೆಲ್ಲ ಸುಲಭ.

ಎರಡನೆಯ ಬಗೆಯ ಪೂರ್ವಸ್ಥಿತಿಗೆ ‘ಬ್ಯಾರೆಟ್ ಅನ್ನನಾಳ’ ಎಂದು ಹೆಸರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ 1950ರಲ್ಲಿ ಇದರ ಬಗ್ಗೆ ಬರೆದರು. ಬರೆದದ್ದು ತಪ್ಪಾಗಿ! ಬದಲಾದ ಹೊದಿಕೆಯ ಭಾಗ ಅನ್ನನಾಳವೇ ಅಲ್ಲ, ಮೇಲಕ್ಕೆ ಎಳೆಯಲ್ಪಟ್ಟ ಜಠರ ಎಂಬುದು ಅವರ ವಾದವಾಗಿತ್ತು. 1953ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟನ್ ಎಂಬಿಬ್ಬರು ಅದು ಅನ್ನನಾಳವೇ ಎಂದು ತೋರಿಸಿದರು. 1957ರಲ್ಲಿ ಬ್ಯಾರೆಟ್ ಒಪ್ಪಿಕೊಂಡರು. ಹೆಸರು ಮಾತ್ರ ಅವರದ್ದೇ ಉಳಿಯಿತು. ವಿಜ್ಞಾನದಲ್ಲಿ ತಪ್ಪನ್ನು ಒಪ್ಪಿಕೊಂಡವರಿಗೂ ಒಮ್ಮೊಮ್ಮೆ ಮರ್ಯಾದೆ ಸಲ್ಲುತ್ತದೆ.

ಈ ಸ್ಥಿತಿ ಇದ್ದವರಲ್ಲಿ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹೆಚ್ಚು. ಆದರೆ ಎಷ್ಟು ಹೆಚ್ಚು? ನಾವು ವಿದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲದಲ್ಲಿ ವರ್ಷಕ್ಕೆ ಇನ್ನೂರರಲ್ಲಿ ಒಬ್ಬರಿಗೆ ಎಂದು ಹೇಳಿಕೊಡಲಾಗುತ್ತಿತ್ತು. 2011ರಲ್ಲಿ ಡೆನ್ಮಾರ್ಕಿನಿಂದ ಇಡೀ ದೇಶದ ದಾಖಲೆಗಳನ್ನು ಆಧರಿಸಿದ ಅಧ್ಯಯನ ಹೊರಬಂತು. 11,028 ಬ್ಯಾರೆಟ್ ರೋಗಿಗಳ ಲೆಕ್ಕ ಅದು. ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ, ಸರಿಯಾಗಿ ಹೇಳುವುದಾದರೆ ಶೇಕಡ 0.12ರಷ್ಟು ಎಂದು ಕಂಡುಬಂತು. ಅಂದರೆ ಬಹುತೇಕ ಮಂದಿ ಬ್ಯಾರೆಟ್ ಅನ್ನನಾಳವನ್ನು ಹೊತ್ತುಕೊಂಡೇ ವೃದ್ಧರಾಗಿ, ಬೇರೆ ಯಾವುದೋ ಕಾರಣದಿಂದ ತೀರಿಕೊಳ್ಳುತ್ತಾರೆ. ಹಾಗಾದರೆ ಆ ಸಾವಿರದಲ್ಲಿ ಆ ಒಬ್ಬರು ಯಾರು? ಸೂಚಕಗಳ ಹುಡುಕಾಟವೆಲ್ಲ ಈ ಒಂದು ಪ್ರಶ್ನೆಗೆ.

ಎಲ್ಲಕ್ಕಿಂತ ಹಳೆಯ ಸೂಚಕವೆಂದರೆ ರೋಗಶಾಸ್ತ್ರಜ್ಞರ ಕಣ್ಣು. ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಕೋಶಗಳು ಸಾಲು ತಪ್ಪಿವೆಯೇ, ಅವುಗಳ ನ್ಯೂಕ್ಲಿಯಸ್ ಊದಿಕೊಂಡು ಕಪ್ಪಾಗಿದೆಯೇ ಎಂದು ನೋಡುತ್ತಾರೆ. ಈ ಬದಲಾವಣೆಗೆ ಡಿಸ್‌ಪ್ಲಾಸಿಯಾ ಎಂದು ಹೆಸರು. ನಾವು ‘ಕೋಶವಿಕೃತಿ’ ಎನ್ನೋಣ. ಅಲ್ಪವಿಕೃತಿ, ತೀವ್ರವಿಕೃತಿ ಎಂದು ಅದರಲ್ಲಿ ಮೆಟ್ಟಿಲುಗಳಿವೆ. ಕೇಳಲು ಸರಳ. ಆದರೆ ಅದೇ ಚೂರನ್ನು ಇಬ್ಬರು ನೋಡಿದರೆ ಎರಡು ಅಭಿಪ್ರಾಯ ಬರುವುದು ವಿರಳವಲ್ಲ.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ರೆಸಿಡೆನ್ಸಿಯ ಕಾಲದಲ್ಲಿ ನಮ್ಮ ಪಾಲಿಗೆ ಬಂದಿದ್ದ ರೋಗಿಯೊಬ್ಬರು ನಿವೃತ್ತ ಲಾರಿ ಚಾಲಕರು. ಅವರ ವರದಿಯಲ್ಲಿ ‘ಅಲ್ಪವಿಕೃತಿ’ ಎಂದಿತ್ತು. ಅದನ್ನು ಅವರಿಗೆ ಓದಿ ಹೇಳಿದವರು ನಾವೇ. ಆರು ತಿಂಗಳಿಗೊಮ್ಮೆ ಎಂಡೋಸ್ಕೋಪಿಗೆ ಬರುತ್ತಿದ್ದರು. ಪ್ರತಿ ಸಲ ಬರುವ ಮೊದಲು ತಮ್ಮ ಮನೆಯ ಕಾಗದಪತ್ರಗಳನ್ನು ಹೆಂಡತಿಗೆ ತೋರಿಸಿ ಬರುತ್ತಿದ್ದರಂತೆ. ಮೂರು ವರ್ಷಗಳ ನಂತರ ಹಳೆಯ ಗಾಜಿನ ಪಟ್ಟಿಗಳನ್ನೆಲ್ಲ ಇನ್ನೊಂದು ಊರಿನ ಹಿರಿಯ ರೋಗಶಾಸ್ತ್ರಜ್ಞರಿಗೆ ಕಳಿಸಿದಾಗ ಉತ್ತರ ಬಂತು: ವಿಕೃತಿ ಇಲ್ಲ, ಆಮ್ಲದಿಂದಾದ ಉರಿಯೂತ ಮಾತ್ರ. ಸಂತೋಷದ ಸುದ್ದಿಯೆಂದು ನಾವು ಓಡಿಹೋಗಿ ಹೇಳಿದೆವು. ಅವರು ಸಂತೋಷಪಡಲಿಲ್ಲ. ಮೊಮ್ಮಗಳ ಮದುವೆಗೆ ಹೋಗದೆ ಉಳಿದದ್ದನ್ನು ನೆನಪಿಸಿಕೊಂಡು ಸುಮ್ಮನೆ ಕುಳಿತರು. ಇದು ಒಬ್ಬರ ದುರದೃಷ್ಟವಲ್ಲ ಎಂಬುದು 2010ರಲ್ಲಿ ನೆದರ್‌ಲ್ಯಾಂಡಿನ ವೈದ್ಯರು ಪ್ರಕಟಿಸಿದ ಲೆಕ್ಕದಿಂದ ಗೊತ್ತಾಯಿತು. ಅಲ್ಪವಿಕೃತಿ ಎಂದು ವರದಿಯಾಗಿದ್ದ 147 ಮಂದಿಯ ಚೂರುಗಳನ್ನು ನುರಿತವರು ಮತ್ತೆ ಪರೀಕ್ಷಿಸಿದಾಗ ಶೇಕಡ 85ರಷ್ಟು ಮಂದಿಯ ವರದಿ ಕೆಳಗಿಳಿಯಿತು. ಆದರೆ ಉಳಿದ ಶೇಕಡ 15ರಲ್ಲಿ ರೋಗ ಮುಂದುವರಿದ ಪ್ರಮಾಣ ಬಹಳ ಹೆಚ್ಚಾಗಿತ್ತು. ಹಳೆಯ ಸೂಚಕ ಕೆಟ್ಟದ್ದಲ್ಲ, ಓದುವವರು ನುರಿತವರಾಗಿರಬೇಕು.

ಕಣ್ಣಿಗೆ ಸಹಾಯಕವಾಗಿ ಬಂದದ್ದು ಪಿ53 ಎಂಬ ಪ್ರೋಟೀನು. 1979ರಲ್ಲಿ ಗುರುತಿಸಲ್ಪಟ್ಟ ಇದು ಜೀವಕೋಶದ ಕಾವಲುಗಾರ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೋಶವಿಭಜನೆಯನ್ನು ತಡೆಯುವುದು, ದುರಸ್ತಿ ಸಾಧ್ಯವಿಲ್ಲದಿದ್ದರೆ ಕೋಶವನ್ನೇ ಸಾಯಿಸುವುದು ಅದರ ಕೆಲಸ. ಈ ಕಾವಲುಗಾರನ ಜೀನು ಕೆಟ್ಟಾಗ, ಬಣ್ಣ ಹಾಕಿದ ಚೂರಿನಲ್ಲಿ ಪಿ53 ಒಂದೋ ವಿಪರೀತ ಗಾಢವಾಗಿ ಕಾಣುತ್ತದೆ, ಇಲ್ಲವೇ ಪೂರ್ತಿ ಮಾಯವಾಗಿರುತ್ತದೆ. ಎರಡೂ ಅಪಶಕುನವೇ. ಬ್ರಿಟನ್ನಿನ ಜಠರರೋಗ ತಜ್ಞರ ಸಂಘ 2014ರ ತನ್ನ ಮಾರ್ಗಸೂಚಿಯಲ್ಲಿ, ವಿಕೃತಿಯ ನಿರ್ಣಯಕ್ಕೆ ಈ ಬಣ್ಣ ನೆರವಾಗಬಹುದೆಂದಿತು. ಅಮೆರಿಕದ ಜಠರರೋಗ ತಜ್ಞರ ಕಾಲೇಜು 2022ರಲ್ಲಿ ಪಿ53 ಬಣ್ಣವನ್ನೂ, ಹಲವು ಸೂಚಕಗಳನ್ನು ಗಣಕಯಂತ್ರದಿಂದ ಒಟ್ಟಿಗೆ ಅಳೆಯುವ ಹೊಸ ಪರೀಕ್ಷೆಯನ್ನೂ ತೂಗಿ ನೋಡಿ, ಬೇಕೆಂದೂ ಬೇಡವೆಂದೂ ಶಿಫಾರಸು ಮಾಡಲಾಗದು ಎಂದು ಕೈಕಟ್ಟಿ ಕುಳಿತಿತು. ವರ್ಣತಂತುಗಳ ತುಣುಕುಗಳು ಹೆಚ್ಚುಕಡಿಮೆಯಾಗಿರುವುದನ್ನು ಎಣಿಸಿದರೆ ಕ್ಯಾನ್ಸರಿಗಿಂತ ಎಷ್ಟೋ ವರ್ಷ ಮೊದಲೇ ಸುಳಿವು ಸಿಗುತ್ತದೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಅದು ಇನ್ನೂ ನಿತ್ಯದ ಬಳಕೆಗೆ ಬಂದ ಪರೀಕ್ಷೆಯಲ್ಲ.

ಕೇಂಬ್ರಿಜ್‌ನ ರೆಬೆಕಾ ಫಿಟ್ಸ್‌ಜೆರಾಲ್ಡ್ ಅವರ ತಂಡದ ಉಪಾಯವಂತೂ ಹಳ್ಳಿಯ ಮನೆಯ ಅಜ್ಜಿಗೂ ಅರ್ಥವಾಗುವಂಥದು. ದಾರಕ್ಕೆ ಕಟ್ಟಿದ ಮಾತ್ರೆಯನ್ನು ನುಂಗಬೇಕು. ಜಠರದಲ್ಲಿ ಮಾತ್ರೆಯ ಕವಚ ಕರಗಿ ಒಳಗಿನ ಸ್ಪಂಜು ಅರಳುತ್ತದೆ. ಕೆಲವು ನಿಮಿಷಗಳ ನಂತರ ದಾರ ಹಿಡಿದು ಎಳೆದರೆ, ಬಾವಿಯಿಂದ ಬಿಂದಿಗೆ ಬಂದಂತೆ, ಸ್ಪಂಜು ಅನ್ನನಾಳದ ಉದ್ದಕ್ಕೂ ಕೋಶಗಳನ್ನು ಉಜ್ಜಿಕೊಂಡು ಮೇಲೆ ಬರುತ್ತದೆ. ಆ ಕೋಶಗಳಲ್ಲಿ ಟಿಎಫ್‌ಎಫ್3 ಎಂಬ ಪ್ರೋಟೀನು ಕಂಡರೆ ಬ್ಯಾರೆಟ್ ಇರುವ ಸಂಭವವಿದೆ, ಎಂಡೋಸ್ಕೋಪಿ ಮಾಡಬೇಕು. ಎದೆಯುರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದ 13,000ಕ್ಕಿಂತ ಹೆಚ್ಚು ಜನರನ್ನು ಒಳಗೊಂಡ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಪಂಜಿನ ಆಹ್ವಾನ ಪಡೆದ ಗುಂಪಿನಲ್ಲಿ 140 ಮಂದಿಗೆ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 13 ಮಂದಿಗೆ ಬ್ಯಾರೆಟ್ ಪತ್ತೆಯಾಯಿತು.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಅನಿಸುತ್ತದೆ: ಜೀನಿನ ದೋಷವನ್ನೇ ಹುಡುಕಿಬಿಟ್ಟರೆ ಆಯಿತಲ್ಲ! ನಮಗೂ ಹಾಗೆಯೇ ಅನಿಸುತ್ತಿತ್ತು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಆ ನಂಬಿಕೆಯ ಬುಡವನ್ನೇ ಅಲುಗಿಸಿತು. ಇಪ್ಪತ್ತರಿಂದ ಎಪ್ಪತ್ತೈದರ ವಯಸ್ಸಿನ, ಅನ್ನನಾಳದ ರೋಗವೇ ಇಲ್ಲದಿದ್ದ ಒಂಬತ್ತು ದಾನಿಗಳ ಅನ್ನನಾಳವನ್ನು ಚೂರುಚೂರಾಗಿ ಓದಿದಾಗ, ಕ್ಯಾನ್ಸರಿಗೆ ಸಂಬಂಧಿಸಿದ ಜೀನುದೋಷಗಳು ಸಾಧಾರಣ ಕೋಶಗಳಲ್ಲೇ ಎಲ್ಲೆಂದರಲ್ಲಿ ಕಂಡವು, ವಯಸ್ಸಾದಂತೆ ಹೆಚ್ಚಿದವು. ಪಿ53ರ ಜೀನು ಕೆಟ್ಟ ಕೋಶಗಳೂ ಅಲ್ಲಿದ್ದವು. ನಾಚ್1 ಎಂಬ ಜೀನಿನ ದೋಷವಂತೂ ಕ್ಯಾನ್ಸರಿನಲ್ಲಿ ಕಾಣುವುದಕ್ಕಿಂತ ಆರೋಗ್ಯವಂತ ಅನ್ನನಾಳದಲ್ಲೇ ಹೆಚ್ಚಾಗಿತ್ತು! ಈ ಸಭೆಯಲ್ಲಿ ನಲವತ್ತು ದಾಟಿದ ನಾವೆಲ್ಲರೂ, ಉಪನ್ಯಾಸಕರನ್ನೂ ಸೇರಿಸಿ, ಇಂಥ ದೋಷಗಳ ತೇಪೆಗಳನ್ನು ಹೊತ್ತುಕೊಂಡೇ ಊಟಕ್ಕೆ ಏಳುತ್ತೇವೆ ಎಂದು ತಿಳಿಯಬಹುದು. ದೋಷವಿದೆ ಎಂಬುದು ಬೇರೆ, ರೋಗ ಬರುತ್ತದೆ ಎಂಬುದು ಬೇರೆ.

ಇನ್ನೊಂದು ಲೆಕ್ಕವನ್ನು ತಾಳ್ಮೆಯಿಂದ ಕೇಳಬೇಕು. ಇಲ್ಲಿ ಲೆಕ್ಕಪತ್ರದ ಉದ್ಯೋಗದಲ್ಲಿರುವವರು ಬಹಳ ಮಂದಿ ಇದ್ದಾರೆ, ತಪ್ಪಿದರೆ ತಿದ್ದಲಿ. ಒಂದು ಸಾವಿರ ಬ್ಯಾರೆಟ್ ರೋಗಿಗಳಿದ್ದಾರೆ ಎನ್ನಿ. ಡೆನ್ಮಾರ್ಕಿನ ಪ್ರಮಾಣದಂತೆ ಹತ್ತು ವರ್ಷಗಳಲ್ಲಿ ಅವರಲ್ಲಿ ಸುಮಾರು 12 ಮಂದಿಗೆ ಕ್ಯಾನ್ಸರ್ ಬರಬಹುದು. ನಮ್ಮ ಕೈಯಲ್ಲಿ ಒಂದು ಒಳ್ಳೆಯ ಸೂಚಕವಿದೆ ಎಂದು ಕಲ್ಪಿಸಿಕೊಳ್ಳೋಣ. ರೋಗ ಬರಲಿರುವ ನೂರರಲ್ಲಿ 90 ಮಂದಿಯನ್ನು ಅದು ಹಿಡಿಯುತ್ತದೆ; ಬಾರದ ನೂರರಲ್ಲಿ 90 ಮಂದಿಯನ್ನು ಬಿಟ್ಟುಬಿಡುತ್ತದೆ. 12ರಲ್ಲಿ 11 ಮಂದಿ ಸಿಕ್ಕಿಬಿದ್ದರು. ಸರಿ. ಉಳಿದ 988ರಲ್ಲಿ ಹತ್ತಕ್ಕೊಬ್ಬರಂತೆ 99 ಮಂದಿಗೂ ‘ಇದೆ’ ಎಂಬ ವರದಿ ಹೋಯಿತು. ಒಟ್ಟು 110 ಮಂದಿ ಕೆಟ್ಟ ವರದಿ ಹಿಡಿದು ಮನೆಗೆ ಹೋದರು. ಅವರಲ್ಲಿ ನಿಜಕ್ಕೂ ರೋಗ ಬರುವವರು 11. ಹತ್ತರಲ್ಲಿ ಒಂಬತ್ತು ಮಂದಿ ಆ ಲಾರಿ ಚಾಲಕರಂತೆ ಕಾಗದಪತ್ರ ಜೋಡಿಸುತ್ತ ಕೂರುತ್ತಾರೆ. ಆದರೆ ‘ಇಲ್ಲ’ ಎಂಬ ವರದಿ ಪಡೆದ 890 ಮಂದಿಯಲ್ಲಿ ರೋಗ ಬರುವವರು ಒಬ್ಬರೇ. ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ ಇಂಥ ಸೂಚಕದ ನಿಜವಾದ ಬೆಲೆ ಹೆದರಿಸುವುದರಲ್ಲಿಲ್ಲ. ಬಹಳ ಮಂದಿಯನ್ನು ಪದೇಪದೇ ಎಂಡೋಸ್ಕೋಪಿಯಿಂದ ಬಿಡುಗಡೆ ಮಾಡುವುದರಲ್ಲಿದೆ. ಪತ್ತೆಯಾದವರಿಗೆ ಮಾಡುವಂಥದು ಏನಾದರೂ ಇರಬೇಕು ಎಂಬುದೂ ಅಷ್ಟೇ ಮುಖ್ಯ. ಬ್ಯಾರೆಟ್‌ನಲ್ಲಿ ಅದು ಇದೆ: ನುರಿತವರು ದೃಢಪಡಿಸಿದ ಅಲ್ಪವಿಕೃತಿಯನ್ನು ರೇಡಿಯೋ ತರಂಗಗಳ ಶಾಖದಿಂದ ಸುಟ್ಟುಹಾಕಿದ ಯೂರೋಪಿನ ಪ್ರಯೋಗದಲ್ಲಿ, ಮೂರು ವರ್ಷಗಳಲ್ಲಿ ರೋಗ ಮುಂದುವರಿದದ್ದು ಶೇಕಡ 1.5ರಷ್ಟು ಮಂದಿಯಲ್ಲಿ, ಸುಮ್ಮನೆ ಕಾದವರಲ್ಲಿ ಶೇಕಡ 26.5. ಇದು 2014ರಲ್ಲಿ ಪ್ರಕಟವಾದ ಅಂಕಿ.

ಇಲ್ಲಿಯವರೆಗೆ ನಾವು ಹೇಳಿದ್ದೆಲ್ಲ ಪರರ ಮನೆಯ ಮಾತು. ಬ್ಯಾರೆಟ್‌ಗಾಗಿ ಯಾರನ್ನು ಪರೀಕ್ಷಿಸಬೇಕೆಂದು ಬ್ರಿಟನ್ನಿನವರು ಬರೆದ ಅಪಾಯಕಾರಣಗಳ ಪಟ್ಟಿಯಲ್ಲಿ ಪುರುಷರಾಗಿರುವುದು, ಐವತ್ತು ದಾಟಿರುವುದು, ಬೊಜ್ಜು ಇರುವುದು ಇವುಗಳ ಜೊತೆಗೆ ಬಿಳಿಯ ಜನಾಂಗದವರಾಗಿರುವುದು ಎಂಬುದೂ ಒಂದು. ಬೊಜ್ಜಿನ ಮಟ್ಟಿಗೆ ಕೊಲ್ಲಿಯ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ. ಹಗಲೆಲ್ಲ ಕುರ್ಚಿ, ಕಾರು. ರಾತ್ರಿ ಹತ್ತರ ಮೇಲೆ ಊಟ, ಊಟವಾದೊಡನೆ ಹಾಸಿಗೆ. ಆದ್ದರಿಂದ ನಮ್ಮ ಮಕ್ಕಳ ಕಾಲಕ್ಕೆ ಲೆಕ್ಕ ಬದಲಾಗದೆಂದು ಹೇಳುವಂತಿಲ್ಲ. ಆದರೆ ಇಂದು ನಮ್ಮ ನಾಡಿನಲ್ಲಿ ಅನ್ನನಾಳದ ಕ್ಯಾನ್ಸರ್ ಎಂದರೆ ಬಹುಪಾಲು ಮೊದಲನೆಯ ಬಗೆ, ಚಪ್ಪಟೆ ಕೋಶದ್ದು. ಸ್ಪಂಜಿನಲ್ಲಿ ಟಿಎಫ್‌ಎಫ್3 ಹುಡುಕಿದರೆ ಅದು ಸಿಗುವುದಿಲ್ಲ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ತಾವೆಲ್ಲ ಬಲ್ಲಿರಿ. ಹೊಸೂರು ರಸ್ತೆಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸಿಕೊಂಡು ಹೋದವರೂ ಇರಬಹುದು. 1982ರಿಂದ ಅಲ್ಲಿ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅನ್ನನಾಳದ ಕ್ಯಾನ್ಸರ್ ಆ ಪಟ್ಟಿಯಲ್ಲಿ ಪುರುಷರಲ್ಲೂ ಸ್ತ್ರೀಯರಲ್ಲೂ ಮುಂದಿನ ಸಾಲಿನಲ್ಲೇ ಕಾಣಿಸಿಕೊಳ್ಳುತ್ತ ಬಂದಿದೆ. ಬೆಂಗಳೂರಿನ 343 ಅನ್ನನಾಳದ ಕ್ಯಾನ್ಸರ್ ರೋಗಿಗಳನ್ನು, ಅದೇ ವಯಸ್ಸಿನ ಇಮ್ಮಡಿ ಸಂಖ್ಯೆಯ ಇತರರೊಡನೆ ಹೋಲಿಸಿದ ಅಧ್ಯಯನವೊಂದು 1996ರಲ್ಲಿ ಬ್ರಿಟಿಷ್ ಕ್ಯಾನ್ಸರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಅಪಾಯಕಾರಿಯೆಂದು ಕಂಡದ್ದು ಎಲೆಯಡಿಕೆ. ಹೊಗೆಸೊಪ್ಪು ಸೇರಿದರೂ, ಸೇರದಿದ್ದರೂ. ಎಲೆಯಡಿಕೆ ಹಾಕದ ಗಂಡಸರಲ್ಲಿ ಬೀಡಿ. ಅನ್ನನಾಳದ ನಡುಭಾಗದ ಮಟ್ಟಿಗೆ ಮದ್ಯ. ಅಡಿಕೆಯೊಂದೇ ಸಾಕು, ಹೊಗೆಸೊಪ್ಪು ಬೇಕಾಗಿಲ್ಲ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ 2004ರ ತನ್ನ ಗ್ರಂಥದಲ್ಲಿ ಒಪ್ಪಿ, ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು.

ಈ ಮಾತನ್ನು ಹೇಳುವಾಗ ನಮ್ಮ ನಾಲಗೆ ತಡವರಿಸುತ್ತದೆ. ನಮ್ಮ ಎಂ.ಬಿ.ಬಿ.ಎಸ್. ಶುಲ್ಕ ಅಡಿಕೆಯ ಹಣದಿಂದ ಬಂದದ್ದು. ಶಿರಸಿಯ ಕಡೆಯ ನಮ್ಮ ಸೋದರಮಾವನ ತೋಟದ ಹಣ. ಮಾವ ದಿನಕ್ಕೆ ಹತ್ತು ಹನ್ನೆರಡು ಸಲ ಕವಳ ಹಾಕುತ್ತಿದ್ದರು. ಒಮ್ಮೆ ಮಸ್ಕತ್ತಿನಿಂದ ಫೋನ್ ಮಾಡಿದಾಗ ‘ಎದೆಯಲ್ಲಿ ಏನೋ ಹಿಡಿದಂತೆ ಆಗುತ್ತದೆ’ ಎಂದಿದ್ದರು. ಎದೆಯುರಿ ಇರಬೇಕೆಂದು ಆಮ್ಲ ತಗ್ಗಿಸುವ ಗುಳಿಗೆಯ ಹೆಸರು ಹೇಳಿ ಫೋನ್ ಇಟ್ಟವರು ನಾವೇ. ನಾಲ್ಕು ತಿಂಗಳ ನಂತರ ರಜೆಗೆ ಹೋದಾಗ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತೆವು. ಮಾವ ಅನ್ನಕ್ಕೆ ಮಜ್ಜಿಗೆಯನ್ನು ಧಾರಾಳವಾಗಿ ಸುರಿದು ಕಿವುಚಿ ಕುಡಿಯುವಂತೆ ಮಾಡಿಕೊಳ್ಳುತ್ತಿದ್ದರು, ದೋಸೆ ಮುಟ್ಟಲಿಲ್ಲ, ತುತ್ತಿಗೊಮ್ಮೆ ನೀರು. ಕೇಳಿದ್ದಕ್ಕೆ, “ಎಂತೂ ಆಜಿಲ್ಲೆ ತಮಾ, ಹಲ್ಲಿಲ್ಲೆ, ಅಷ್ಟೇಯ” ಎಂದರು. ಅತ್ತೆ ಒಳಗಿನಿಂದ, ದೀಪಾವಳಿಯಿಂದಲೇ ಹೀಗೆ ಎಂದರು. ಎಂಡೋಸ್ಕೋಪಿಯ ಕೊಳವೆ ಗಡ್ಡೆಯನ್ನು ದಾಟಿ ಕೆಳಗೆ ಹೋಗಲಿಲ್ಲ. ಮಾವ ಆಮೇಲೆ ಇದ್ದದ್ದು ಏಳು ತಿಂಗಳು. ಅನ್ನನಾಳಕ್ಕೆ ಹಿಗ್ಗುವ ಗುಣ ಹೆಚ್ಚು; ನುಂಗಲು ತೊಡಕು ತೋರುವ ಹೊತ್ತಿಗೆ ಕೊಳವೆಯ ಬಹುಪಾಲು ಮುಚ್ಚಿರುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಾವು.

ಮಾವನಂಥವರಿಗೆ ಮುನ್ಸೂಚಕವಿಲ್ಲವೇ? ಇದೆ. ಅದನ್ನು ಕಲಿಸಿದ್ದು ಚೀನಾ. ಹೆನಾನ್ ಪ್ರಾಂತದ ಲಿನ್‌ಶಿಯಾನ್ ಎಂಬ ಸೀಮೆಯಲ್ಲಿ ಚಪ್ಪಟೆ ಕೋಶದ ಕ್ಯಾನ್ಸರ್ ಅಸಾಧಾರಣವಾಗಿ ಹೆಚ್ಚು. 1987ರಲ್ಲಿ ಅಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡ 682 ಮಂದಿಯನ್ನು ಹದಿಮೂರೂವರೆ ವರ್ಷ ಹಿಂಬಾಲಿಸಿದರು. ಚೂರು ಸಾಧಾರಣವಾಗಿದ್ದವರಲ್ಲಿ ಶೇಕಡ 8ರಷ್ಟು, ಅಲ್ಪವಿಕೃತಿ ಇದ್ದವರಲ್ಲಿ 24, ಮಧ್ಯಮದಲ್ಲಿ 50, ತೀವ್ರದಲ್ಲಿ 74ರಷ್ಟು ಮಂದಿಗೆ ಕ್ಯಾನ್ಸರ್ ಬಂತು. ಮೆಟ್ಟಿಲು ಹತ್ತಿದಂತೆ ಏರುವ ಈ ಅಂಕಿಗಳಿಗೆ ಸರಿಗಟ್ಟುವ ಜೀನು ಪರೀಕ್ಷೆಯನ್ನು ನಾವು ಕಂಡಿಲ್ಲ. ಬರಿಗಣ್ಣಿಗೆ ಕಾಣದ ಈ ವಿಕೃತಿಯನ್ನು ಹುಡುಕುವುದಕ್ಕೆ ಬೇಕಾದದ್ದು ಅಯೋಡಿನ್. ಎಂಡೋಸ್ಕೋಪಿ ಮಾಡುವಾಗ ಲುಗಾಲ್ ದ್ರಾವಣವೆಂಬ ಅಯೋಡಿನ್ ನೀರನ್ನು ಒಳಗೆ ಸಿಂಪಡಿಸುತ್ತಾರೆ. ಆರೋಗ್ಯವಂತ ಚಪ್ಪಟೆ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ಸಂಗ್ರಹವಿರುತ್ತದೆ. ಅದು ಅಯೋಡಿನ್ ಹೀರಿ ಕಂದು ಬಣ್ಣಕ್ಕೆ ತಿರುಗುತ್ತದೆ. ವಿಕೃತ ಕೋಶಗಳು ಆ ಸಂಗ್ರಹವನ್ನು ಕಳೆದುಕೊಂಡಿರುವುದರಿಂದ ಬಣ್ಣ ಹಿಡಿಯದೆ ಬಿಳಚಿಕೊಂಡು ಉಳಿಯುತ್ತವೆ. ಅಲ್ಲಿಂದಲೇ ಚೂರು ತೆಗೆಯಬೇಕು. ಅಯೋಡಿನ್ ಒಗ್ಗದವರಿಗೆ ಇದು ಸಲ್ಲದು. ಒಗ್ಗುವವರಿಗೂ ಎದೆ ಸ್ವಲ್ಪ ಉರಿಯುತ್ತದೆ. ಚೀನಾದ ಸಿಶಿಯಾನ್ ಸೀಮೆಯಲ್ಲಿ ಜೀವಮಾನದಲ್ಲಿ ಒಮ್ಮೆ ಇಂಥ ಪರೀಕ್ಷೆ ಮಾಡಿ, ಸಿಕ್ಕ ವಿಕೃತಿಗೆ ಚಿಕಿತ್ಸೆ ಕೊಟ್ಟಾಗ, ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದಾಗುವ ಮರಣ ಸುಮಾರು ಮೂರನೆಯ ಒಂದು ಪಾಲು ತಗ್ಗಿತೆಂದು 2015ರಲ್ಲಿ ವರದಿಯಾಯಿತು.

ಹಾಗೆಂದು ಕರ್ನಾಟಕದ ಊರೂರಿನಲ್ಲಿ ಎಲ್ಲರಿಗೂ ಅಯೋಡಿನ್ ಸಿಂಪಡಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ರೋಗದ ಪ್ರಮಾಣ ಲಿನ್‌ಶಿಯಾನಿನಷ್ಟಿಲ್ಲ. ಆಗಲೇ ಮಾಡಿದ ಸಾವಿರ ಜನರ ಲೆಕ್ಕ ಇಲ್ಲೂ ಅಡ್ಡ ಬರುತ್ತದೆ. ಭಾರತ ಸರ್ಕಾರ 2016ರಲ್ಲಿ ರೂಪಿಸಿದ ಸಾಮೂಹಿಕ ತಪಾಸಣೆಯ ಯೋಜನೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಇವೆ, ಅನ್ನನಾಳ ಇಲ್ಲ. ಅದು ತಪ್ಪೆಂದು ನಮಗೆ ತೋರುವುದಿಲ್ಲ. ಆದರೆ ಯಾರ ಅನ್ನನಾಳವನ್ನು ನೋಡಬೇಕೆಂಬುದಕ್ಕೆ ಒಂದು ಗುರುತು ಬಾಯಿಯಲ್ಲೇ ಇದೆ. ಒಂದೇ ವಿಷದಲ್ಲಿ ನೆನೆದ ಹೊದಿಕೆಯೆಲ್ಲವೂ ಒಂದು ಹೊಲದಂತೆ. ಒಂದು ಮೂಲೆಯಲ್ಲಿ ಕಳೆ ಕಂಡರೆ ಉಳಿದೆಡೆಯೂ ಬೀಜ ಬಿದ್ದಿರುತ್ತದೆ. 1953ರಲ್ಲಿ ಸ್ಲಾಟರ್ ಮತ್ತು ಸಂಗಡಿಗರು ಬಾಯಿಯ ಕ್ಯಾನ್ಸರ್ ಕುರಿತು ಬರೆಯುವಾಗ ಇದೇ ‘ಕ್ಷೇತ್ರ’ದ ಕಲ್ಪನೆಯನ್ನು ಮುಂದಿಟ್ಟರು. ಬಾಯಿಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದವರು, ಕೆನ್ನೆಯ ಒಳಮೈ ಗಡುಸಾಗಿ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದವರು, ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ಹಿಂದೆ ಚಿಕಿತ್ಸೆ ಪಡೆದವರು, ಇವರಿಗೆ ನುಂಗುವಾಗ ಎಳ್ಳಷ್ಟು ತೊಡಕಾದರೂ ಕಾಯಬಾರದು. ಆ ಎಂಡೋಸ್ಕೋಪಿಯನ್ನು ಅಯೋಡಿನ್ ಸಹಿತ ಮಾಡುವಿರಾ ಎಂದು ಕೇಳುವ ಹಕ್ಕು ನಿಮಗಿದೆ.

ಶರೀರದ ಹೊರಗೇ ಕಾಣುವ ಸೂಚಕಗಳೂ ಉಂಟು. ಅಂಗೈ ಅಂಗಾಲುಗಳ ಚರ್ಮ ವಂಶಪಾರಂಪರ್ಯವಾಗಿ ದಪ್ಪಗಟ್ಟುವ ಒಂದು ಅಪರೂಪದ ಕಾಯಿಲೆಯಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚೆಂದು 1958ರಲ್ಲಿ ಲಿವರ್‌ಪೂಲಿನ ಎರಡು ಕುಟುಂಬಗಳಲ್ಲಿ ಕಂಡುಕೊಂಡರು. ಅದರ ಜೀನು 2012ರಲ್ಲಿ ಸಿಕ್ಕಿತು. ನಮ್ಮ ತಾಯಂದಿರಿಗೆ ಇದಕ್ಕಿಂತ ಹತ್ತಿರದ್ದು ರಕ್ತಹೀನತೆ. ಬಹುಕಾಲದ ಕಬ್ಬಿಣದ ಕೊರತೆಯಿಂದ ಗಂಟಲಿನ ಕೆಳಗೆ ತೆಳುವಾದ ಪೊರೆ ಬೆಳೆದು, ಗಟ್ಟಿ ಪದಾರ್ಥ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪ್ಲಮರ್ ವಿನ್ಸನ್ ಎಂದು ಹೆಸರಾದ ಇದು ಕ್ಯಾನ್ಸರಿನ ಪೂರ್ವಸ್ಥಿತಿಗಳಲ್ಲಿ ಒಂದು. ಹಿಂದೆ ಸ್ವೀಡನ್ನಿನ ಹೆಂಗಸರಲ್ಲಿ ಸಾಮಾನ್ಯವಾಗಿದ್ದದ್ದು ಪೋಷಣೆ ಸುಧಾರಿಸಿದ ಮೇಲೆ ಅಲ್ಲಿ ವಿರಳವಾಯಿತು. ಚಿಕಿತ್ಸೆ ಕಬ್ಬಿಣದ ಗುಳಿಗೆ, ಬೇಕಿದ್ದರೆ ಪೊರೆಯನ್ನು ಹಿಗ್ಗಿಸುವುದು. ಹಿಮೋಗ್ಲೋಬಿನ್ ಪರೀಕ್ಷೆಯ ಖರ್ಚು ಆ ‘ಕ್ಯಾನ್ಸರ್ ಮಾರ್ಕರ್’ನ ಖರ್ಚಿನ ಒಂದು ಚಿಕ್ಕ ಪಾಲು ಮಾತ್ರ.

ಕಾಫಿಯ ವಿಷಯ ಕೇಳಬೇಕೆಂದು ಮುಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕಾಯುತ್ತಿದ್ದಾರೆ. ಕಾಫಿಯದು ತಪ್ಪಿಲ್ಲ, ಬಿಸಿಯದು ತಪ್ಪು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿದ್ದಾರೆ. ಇಲ್ಲಿಯ ಕಹ್ವಾ ಆಗಲಿ, ನಮ್ಮ ಫಿಲ್ಟರ್ ಕಾಫಿ ಆಗಲಿ, ಒಂದು ನಿಮಿಷ ಆರಿಸಿ ಕುಡಿದರೆ ರುಚಿಯೇನೂ ಕೆಡುವುದಿಲ್ಲ.

ರುವಿಯ ಗೆಳೆಯರಿಗೆ ನಾವು ಹೇಳಿದ್ದು ಇಷ್ಟೆ. ರಕ್ತದ ಸೂಚಕವನ್ನು ಮತ್ತೆ ಮಾಡಿಸಬೇಡಿ. ಎದೆಯುರಿ ಹಳೆಯದು, ವಯಸ್ಸು ಐವತ್ತು ದಾಟಿದೆ, ಹೊಟ್ಟೆ ಮುಂದೆ ಬಂದಿದೆ, ಸಿಗರೇಟೂ ಇದೆ. ಆದ್ದರಿಂದ ಒಮ್ಮೆ ಎಂಡೋಸ್ಕೋಪಿ ಮಾಡಿಸಿ. ಅದರಲ್ಲಿ ಬ್ಯಾರೆಟ್ ಕಂಡರೂ ಸಾವಿರಕ್ಕೆ ಒಂದು ಎಂಬ ಲೆಕ್ಕ ನೆನಪಿಡಿ. ‘ವಿಕೃತಿ’ ಎಂಬ ಶಬ್ದ ವರದಿಯಲ್ಲಿ ಬಂದರೆ ಗಾಜಿನ ಪಟ್ಟಿಗಳನ್ನು ಇನ್ನೊಬ್ಬ ನುರಿತ ರೋಗಶಾಸ್ತ್ರಜ್ಞರಿಗೆ ತೋರಿಸುವವರೆಗೆ ಯಾವ ನಿರ್ಧಾರವನ್ನೂ ಮಾಡಬೇಡಿ. ಮಾಡಿಸಿದರು. ಉರಿಯೂತ ಬಿಟ್ಟರೆ ಬೇರೇನೂ ಇರಲಿಲ್ಲ. ಸಿಗರೇಟಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ.

ಊರಿನಲ್ಲಿರುವ ತಂದೆತಾಯಿಯರ ಮಾತು ಬೇರೆ. ವಾರಕ್ಕೊಮ್ಮೆ ಫೋನ್ ಮಾಡಿ ‘ಊಟ ಆಯಿತೇ’ ಎಂದು ಕೇಳುತ್ತೇವೆ, ‘ಆಯಿತು’ ಎನ್ನುತ್ತಾರೆ. ನಮ್ಮ ಮಾವನೂ ಹಾಗೆಯೇ ಎನ್ನುತ್ತಿದ್ದರು. ಈಗ ನಾವು ಕೇಳುವ ಪ್ರಶ್ನೆ ಬದಲಾಗಿದೆ: ಏನು ಊಟ ಮಾಡಿದಿರಿ, ರೊಟ್ಟಿ ತಿಂದಿರಾ, ಮೊದಲಿಗಿಂತ ಹೊತ್ತು ಹಿಡಿಯುತ್ತದೆಯೇ, ತುತ್ತಿನ ನಡುವೆ ನೀರು ಕುಡಿಯುತ್ತೀರಾ, ಅಂಗಿ ಸಡಿಲವಾಗಿದೆಯೇ. ಅವರನ್ನು ಕೇಳಿದರೆ ಸಾಲದು, ಬಡಿಸುವವರನ್ನೂ ಕೇಳಬೇಕು. ರೊಟ್ಟಿ ಬಿಟ್ಟು ಗಂಜಿಗೆ ಇಳಿದಿದ್ದಾರೆಂದು ತಿಳಿದರೆ, ಗುಳಿಗೆಯ ಹೆಸರು ಹೇಳದೆ, ಆ ವಾರವೇ ಎಂಡೋಸ್ಕೋಪಿಗೆ ಕಳಿಸಿ.

ಅಡಿಗೆಮನೆಯ ಕಡೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿದೆ. ಪ್ರಶ್ನೆಗಳಿದ್ದರೆ ಈಗಲೇ ಕೇಳಬೇಕಾಗಿ ವಿನಂತಿ. ಎಲೆಯ ಮುಂದೆ ಕುಳಿತ ಮೇಲೆ ನಾವು ಉತ್ತರ ಕೊಡುವುದಿಲ್ಲ.